ಪಂಚ ಗ್ಯಾರಂಟಿಗಳು (ಕರ್ನಾಟಕ, 2023)

ಪಂಚ ಗ್ಯಾರಂಟಿಗಳು ಅಥವಾ ಐದು ಗ್ಯಾರಂಟಿಗಳು ಎಂಬುದು 2023ರ ಕರ್ನಾಟಕ ವಿಧಾನಸಭಾ ಚುನಾವಣೆಗೆ ಮುನ್ನ ಅಂದಿನ ಪ್ರಮುಖ ವಿರೋಧ ಪಕ್ಷವಾಗಿದ್ದ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ ಜನರ ಮುಂದಿಟ್ಟ ಆಡಳಿತ ಕಾರ್ಯಕ್ರಮ. ಗೃಹಜ್ಯೋತಿ, ಗೃಹಲಕ್ಷ್ಮಿ, ಅನ್ನಭಾಗ್ಯ, ಯುವನಿಧಿ ಮತ್ತು ಶಕ್ತಿ ಎಂಬ ಐದು ಯೋಜನೆಗಳು ಇದರಲ್ಲಿ ಸೇರಿವೆ. ಚುನಾವಣೆಯಲ್ಲಿ ಜಯಗಳಿಸಿದ ಪಕ್ಷವು 2023ರ ಜೂನ್ ತಿಂಗಳಿನಿಂದ 2024ರ ಜನವರಿಯ ನಡುವೆ ಐದನ್ನೂ ಜಾರಿಗೆ ತಂದಿತು. ಪ್ರತಿ ಭರವಸೆಯೂ ನಿರ್ದಿಷ್ಟ ಅಳತೆಯನ್ನು ಹೊಂದಿದ್ದುದು (ಇಷ್ಟು ಯೂನಿಟ್, ಇಷ್ಟು ರೂಪಾಯಿ, ಇಷ್ಟು ಕಿಲೋ) ಈ ಕಾರ್ಯಕ್ರಮದ ಮುಖ್ಯ ಲಕ್ಷಣ. ಕುಟುಂಬಗಳಿಗೆ ನೇರ ನೆರವು ನೀಡುವುದು ಮತ್ತು ರಸ್ತೆ, ನೀರು, ಸಾರಿಗೆಯಂತಹ ಸಾರ್ವಜನಿಕ ಸೌಕರ್ಯಗಳಿಗೆ ಹಣ ಹೂಡುವುದು, ಇವೆರಡರ ನಡುವಿನ ಆದ್ಯತೆಯ ಪ್ರಶ್ನೆಯನ್ನು ಇದು ರಾಜ್ಯ ರಾಜಕಾರಣದ ಕೇಂದ್ರಕ್ಕೆ ತಂದಿತು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಮೊದಲಾದ ಬೆಂಗಳೂರಿನ ಹೊರವಲಯಗಳಲ್ಲಿ ಈ ಪ್ರಶ್ನೆಯ ಎರಡೂ ಮುಖಗಳು ಒಟ್ಟಿಗೆ ಕಾಣಸಿಗುತ್ತವೆ.

ಹಿನ್ನೆಲೆ

2018ರ ಚುನಾವಣೆಯ ನಂತರ ಅಧಿಕಾರಕ್ಕೆ ಬಂದ ಕಾಂಗ್ರೆಸ್–ಜನತಾದಳ (ಜಾತ್ಯತೀತ) ಮೈತ್ರಿ ಸರ್ಕಾರವು ಶಾಸಕರ ಪಕ್ಷಾಂತರದಿಂದಾಗಿ 2019ರ ಜುಲೈನಲ್ಲಿ ಪತನಗೊಂಡಿತು. ಬಳಿಕ ಬಿ. ಎಸ್. ಯಡಿಯೂರಪ್ಪ, 2021ರ ಜುಲೈನಿಂದ ಬಸವರಾಜ ಬೊಮ್ಮಾಯಿ ಅವರ ನೇತೃತ್ವದಲ್ಲಿ ಭಾರತೀಯ ಜನತಾ ಪಕ್ಷ ಆಡಳಿತ ನಡೆಸಿತು. ಈ ಅವಧಿಯಲ್ಲಿ ಸಿದ್ದರಾಮಯ್ಯ ವಿಧಾನಸಭೆಯ ವಿರೋಧ ಪಕ್ಷದ ನಾಯಕರಾಗಿಯೂ ಡಿ. ಕೆ. ಶಿವಕುಮಾರ್ ಪ್ರದೇಶ ಕಾಂಗ್ರೆಸ್ ಸಮಿತಿಯ ಅಧ್ಯಕ್ಷರಾಗಿಯೂ ಇದ್ದರು.

2022ರಲ್ಲಿ ಕಾಂಗ್ರೆಸ್‌ನ ಪ್ರಚಾರವು ಸರ್ಕಾರಿ ಕಾಮಗಾರಿಗಳಲ್ಲಿ ಕಮಿಷನ್ ಪಡೆಯಲಾಗುತ್ತಿದೆ ಎಂಬ ಆರೋಪವನ್ನು ಕೇಂದ್ರವಾಗಿಸಿಕೊಂಡಿತ್ತು. 2023ರ ಆರಂಭದಿಂದ ಪಕ್ಷವು ಆರೋಪದ ಜೊತೆಗೆ ತನ್ನದೇ ಕಾರ್ಯಕ್ರಮವನ್ನೂ ಮಂಡಿಸತೊಡಗಿತು. ಬೆಲೆಯೇರಿಕೆ ಆಗಿನ ದೊಡ್ಡ ಚರ್ಚೆಯಾಗಿತ್ತು. 2023ರ ಮಾರ್ಚ್‌ನಲ್ಲಿ ಅಡುಗೆ ಅನಿಲದ ಸಿಲಿಂಡರ್ ಬೆಲೆ 1,100 ರೂಪಾಯಿ ದಾಟಿತ್ತು.

ಇಂತಹ ಭರವಸೆಗಳಿಗೆ ಪೂರ್ವನಿದರ್ಶನಗಳಿದ್ದವು. ಸಿದ್ದರಾಮಯ್ಯ ಅವರ ಮೊದಲ ಸರ್ಕಾರ 2013ರಲ್ಲಿ ಅನ್ನಭಾಗ್ಯ ಯೋಜನೆಯನ್ನು ಆರಂಭಿಸಿತ್ತು. ದೆಹಲಿಯಲ್ಲಿ ಆಮ್ ಆದ್ಮಿ ಪಕ್ಷದ ಸರ್ಕಾರ 2019ರಲ್ಲಿ 200 ಯೂನಿಟ್‌ವರೆಗಿನ ಉಚಿತ ವಿದ್ಯುತ್ ಮತ್ತು ಮಹಿಳೆಯರಿಗೆ ಉಚಿತ ಬಸ್ ಪ್ರಯಾಣವನ್ನು ಜಾರಿಗೊಳಿಸಿತ್ತು. ತಮಿಳುನಾಡಿನಲ್ಲಿ 2021ರ ಮೇ ತಿಂಗಳಿನಿಂದ ಸಾಮಾನ್ಯ ಬಸ್‌ಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣವಿತ್ತು. 2022ರ ಕೊನೆಯಲ್ಲಿ ಹಿಮಾಚಲ ಪ್ರದೇಶದಲ್ಲಿ ಕಾಂಗ್ರೆಸ್ ಹತ್ತು ಗ್ಯಾರಂಟಿಗಳನ್ನು ಘೋಷಿಸಿ ಗೆದ್ದಿತ್ತು.

ಘೋಷಣೆ

ಐದು ಭರವಸೆಗಳನ್ನು ಒಮ್ಮೆಗೇ ಪ್ರಕಟಿಸದೆ, ಸುಮಾರು ಮೂರೂವರೆ ತಿಂಗಳ ಅವಧಿಯಲ್ಲಿ ಒಂದೊಂದಾಗಿ ಘೋಷಿಸಲಾಯಿತು.

• ಗೃಹಜ್ಯೋತಿ: 2023ರ ಜನವರಿ 11ರಂದು ಬೆಳಗಾವಿ ಜಿಲ್ಲೆಯಲ್ಲಿ ಪ್ರಜಾಧ್ವನಿ ಯಾತ್ರೆಯ ಆರಂಭದ ಸಂದರ್ಭದಲ್ಲಿ. ಪ್ರತಿ ಮನೆಗೆ ತಿಂಗಳಿಗೆ 200 ಯೂನಿಟ್ ಉಚಿತ ವಿದ್ಯುತ್.
• ಗೃಹಲಕ್ಷ್ಮಿ: ಜನವರಿ 16ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಮಹಿಳಾ ಸಮಾವೇಶದಲ್ಲಿ, ಪ್ರಿಯಾಂಕಾ ಗಾಂಧಿ ಅವರ ಉಪಸ್ಥಿತಿಯಲ್ಲಿ. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ.
• ಅನ್ನಭಾಗ್ಯ: ಫೆಬ್ರವರಿ 24ರಂದು. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳ ಪ್ರತಿ ಸದಸ್ಯರಿಗೆ ತಿಂಗಳಿಗೆ 10 ಕಿಲೋ ಅಕ್ಕಿ.
• ಯುವನಿಧಿ: ಮಾರ್ಚ್ 20ರಂದು ಬೆಳಗಾವಿಯಲ್ಲಿ, ರಾಹುಲ್ ಗಾಂಧಿ ಅವರ ಉಪಸ್ಥಿತಿಯಲ್ಲಿ. ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ, ಎರಡು ವರ್ಷಗಳವರೆಗೆ.
• ಶಕ್ತಿ: ಏಪ್ರಿಲ್ 27ರಂದು ಮಂಗಳೂರಿನಲ್ಲಿ ರಾಹುಲ್ ಗಾಂಧಿ ಅವರಿಂದ. ಸರ್ಕಾರಿ ಬಸ್‌ಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ.

ಶಿವಕುಮಾರ್ ಮತ್ತು ಸಿದ್ದರಾಮಯ್ಯ ಅವರ ಸಹಿಯುಳ್ಳ ‘ಗ್ಯಾರಂಟಿ ಕಾರ್ಡ್’ಗಳನ್ನು ಪಕ್ಷದ ಕಾರ್ಯಕರ್ತರು ಮನೆಮನೆಗೆ ಹಂಚಿದರು. ಜಿ. ಪರಮೇಶ್ವರ ಅವರ ಅಧ್ಯಕ್ಷತೆಯ ಸಮಿತಿ ಸಿದ್ಧಪಡಿಸಿದ ಪೂರ್ಣ ಪ್ರಣಾಳಿಕೆಯನ್ನು ಮಲ್ಲಿಕಾರ್ಜುನ ಖರ್ಗೆ ಅವರು ಮೇ 2ರಂದು ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರು. ಮೀಸಲಾತಿಯ ಮಿತಿಯನ್ನು ಶೇ 50ರಿಂದ ಶೇ 75ಕ್ಕೆ ಏರಿಸುವುದು, ಹಿಂದಿನ ಸರ್ಕಾರದ ಕೆಲವು ಕಾನೂನುಗಳನ್ನು ರದ್ದುಗೊಳಿಸುವುದು ಮುಂತಾದ ಅಂಶಗಳೂ ಅದರಲ್ಲಿದ್ದವು. ದ್ವೇಷ ಹರಡುವ ಸಂಘಟನೆಗಳ ವಿರುದ್ಧದ ಕ್ರಮದ ಪ್ರಸ್ತಾಪದಲ್ಲಿ ಬಜರಂಗದಳ ಮತ್ತು ಪಿಎಫ್‌ಐ ಹೆಸರುಗಳಿದ್ದುದು ಪ್ರಚಾರದ ಕೊನೆಯ ವಾರದಲ್ಲಿ ದೊಡ್ಡ ವಿವಾದವಾಯಿತು.

ಇದೇ ಚುನಾವಣೆಯಲ್ಲಿ ಇತರ ಪಕ್ಷಗಳೂ ಕಲ್ಯಾಣ ಭರವಸೆಗಳನ್ನು ನೀಡಿದ್ದವು. ಮೇ 1ರಂದು ಬಿಡುಗಡೆಯಾದ ಬಿಜೆಪಿ ಪ್ರಣಾಳಿಕೆಯಲ್ಲಿ ಬಡ ಕುಟುಂಬಗಳಿಗೆ ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು ಮತ್ತು ವರ್ಷಕ್ಕೆ ಮೂರು ಉಚಿತ ಅಡುಗೆ ಅನಿಲ ಸಿಲಿಂಡರ್‌ಗಳ ಭರವಸೆ ಇತ್ತು. ಜೆಡಿಎಸ್ ‘ಪಂಚರತ್ನ’ ಎಂಬ ಹೆಸರಿನ ಕಾರ್ಯಕ್ರಮವನ್ನು ಮುಂದಿಟ್ಟಿತ್ತು.

ಚುನಾವಣಾ ಫಲಿತಾಂಶ

ಮೇ 10ರಂದು ಮತದಾನ ನಡೆದು ಮೇ 13ರಂದು ಫಲಿತಾಂಶ ಪ್ರಕಟವಾಯಿತು. 224 ಸ್ಥಾನಗಳಲ್ಲಿ ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19 ಸ್ಥಾನಗಳನ್ನು ಗಳಿಸಿದವು. ಕಾಂಗ್ರೆಸ್‌ನ ಮತ ಪ್ರಮಾಣ ಸುಮಾರು ಶೇ 43, ಬಿಜೆಪಿಯದು ಶೇ 36.

ಬೆಂಗಳೂರಿನ ಚಿತ್ರಣ ಇದಕ್ಕಿಂತ ಭಿನ್ನವಾಗಿತ್ತು. ನಗರದ 28 ಕ್ಷೇತ್ರಗಳಲ್ಲಿ ಬಿಜೆಪಿ 16ರಲ್ಲಿಯೂ ಕಾಂಗ್ರೆಸ್ 12ರಲ್ಲಿಯೂ ಗೆದ್ದವು. ಹೊರವಲಯದ ಮಾಹಿತಿ ತಂತ್ರಜ್ಞಾನ ಮತ್ತು ಕೈಗಾರಿಕಾ ಪ್ರದೇಶಗಳ ಕ್ಷೇತ್ರಗಳ ಪೈಕಿ ವೈಟ್‌ಫೀಲ್ಡ್ ಒಳಗೊಂಡ ಮಹದೇವಪುರ, ಪೀಣ್ಯಕ್ಕೆ ಹೊಂದಿಕೊಂಡ ದಾಸರಹಳ್ಳಿ, ಹಾಗೂ ಬೊಮ್ಮನಹಳ್ಳಿ ಮತ್ತು ಬೆಂಗಳೂರು ದಕ್ಷಿಣ ಕ್ಷೇತ್ರಗಳು ಬಿಜೆಪಿಯ ಪಾಲಾದವು. ಆನೇಕಲ್‌ನಲ್ಲಿ ಕಾಂಗ್ರೆಸ್ ಗೆದ್ದಿತು.

ಜಾರಿ

ಮೇ 20ರಂದು ಸಿದ್ದರಾಮಯ್ಯ ಮುಖ್ಯಮಂತ್ರಿಯಾಗಿ, ಶಿವಕುಮಾರ್ ಉಪಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಅದೇ ದಿನ ನಡೆದ ಮೊದಲ ಸಚಿವ ಸಂಪುಟ ಸಭೆ ಐದೂ ಯೋಜನೆಗಳಿಗೆ ತಾತ್ವಿಕ ಒಪ್ಪಿಗೆ ನೀಡಿತು. ಪ್ರಚಾರದಲ್ಲಿ ಒಂದೇ ಸಾಲಿನಲ್ಲಿದ್ದ ಭರವಸೆಗಳು ಸರ್ಕಾರಿ ಆದೇಶಗಳಾಗುವಾಗ ಅರ್ಹತೆ, ಮಿತಿ ಮತ್ತು ಷರತ್ತುಗಳನ್ನು ಪಡೆದುಕೊಂಡವು.

ಶಕ್ತಿ

ಮೊದಲು ಜಾರಿಗೊಂಡ ಯೋಜನೆ ಇದು. 2023ರ ಜೂನ್ 11ರಂದು ಆರಂಭವಾಯಿತು. ಕರ್ನಾಟಕದ ನಿವಾಸಿಗಳಾದ ಮಹಿಳೆಯರು, ವಿದ್ಯಾರ್ಥಿನಿಯರು ಮತ್ತು ಲಿಂಗತ್ವ ಅಲ್ಪಸಂಖ್ಯಾತರು ರಾಜ್ಯದೊಳಗೆ ನಾಲ್ಕು ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್‌ಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ವಜ್ರ, ವಾಯುವಜ್ರ, ರಾಜಹಂಸ, ಐರಾವತದಂತಹ ಐಷಾರಾಮಿ ಬಸ್‌ಗಳಿಗೆ ಇದು ಅನ್ವಯಿಸುವುದಿಲ್ಲ. ನಿರ್ವಾಹಕರು ‘ಶೂನ್ಯ ಟಿಕೆಟ್’ ನೀಡುತ್ತಾರೆ. ಅದರ ಮೌಲ್ಯವನ್ನು ಸರ್ಕಾರ ನಿಗಮಗಳಿಗೆ ಭರಿಸುತ್ತದೆ. 2025ರ ಜುಲೈ 14ರಂದು ಯೋಜನೆಯಡಿಯ ಪ್ರಯಾಣಗಳ ಒಟ್ಟು ಸಂಖ್ಯೆ 500 ಕೋಟಿ ತಲುಪಿತು. ಇದು ದಿನಕ್ಕೆ ಸರಾಸರಿ ಸುಮಾರು 65 ಲಕ್ಷ ಪ್ರಯಾಣಗಳಿಗೆ ಸಮ.

ಅನ್ನಭಾಗ್ಯ

ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಕೇಂದ್ರ ನೀಡುವ 5 ಕಿಲೋ ಜೊತೆಗೆ ಇನ್ನೂ 5 ಕಿಲೋ ಅಕ್ಕಿಯನ್ನು ಭಾರತೀಯ ಆಹಾರ ನಿಗಮದಿಂದ ಖರೀದಿಸಿ ವಿತರಿಸುವುದು ಸರ್ಕಾರದ ಉದ್ದೇಶವಾಗಿತ್ತು. ಆದರೆ 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರವು ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿತು. ಅಕ್ಕಿ ಸಿಗದ ಕಾರಣ ಸರ್ಕಾರ ಜುಲೈ 10ರಿಂದ ಕಿಲೋಗೆ 34 ರೂಪಾಯಿಯಂತೆ ಪ್ರತಿ ಸದಸ್ಯರಿಗೆ 170 ರೂಪಾಯಿಯನ್ನು ಬ್ಯಾಂಕ್ ಖಾತೆಗೆ ಜಮೆ ಮಾಡತೊಡಗಿತು. 2025ರ ಫೆಬ್ರವರಿಯಿಂದ ಹಣದ ಬದಲು ಅಕ್ಕಿ ವಿತರಣೆ ಆರಂಭವಾಯಿತು.

ಗೃಹಜ್ಯೋತಿ

2023ರ ಜುಲೈ ತಿಂಗಳ ಬಳಕೆಯಿಂದ ಅನ್ವಯವಾಗುವಂತೆ ಜಾರಿಯಾದ ಈ ಯೋಜನೆಗೆ ಆಗಸ್ಟ್ 5ರಂದು ಕಲಬುರಗಿಯಲ್ಲಿ ಚಾಲನೆ ನೀಡಲಾಯಿತು. 200 ಯೂನಿಟ್ ಎಂಬುದು ಗರಿಷ್ಠ ಮಿತಿಯೇ ಹೊರತು ಪ್ರತಿ ಮನೆಯ ಹಕ್ಕಲ್ಲ. 2022–23ರ ಸರಾಸರಿ ಮಾಸಿಕ ಬಳಕೆಗೆ ಶೇ 10ರಷ್ಟನ್ನು ಸೇರಿಸಿ ಪ್ರತಿ ಮನೆಯ ಉಚಿತ ಪ್ರಮಾಣವನ್ನು ನಿಗದಿಪಡಿಸಲಾಯಿತು. ಅದಕ್ಕಿಂತ ಹೆಚ್ಚು ಬಳಸಿದರೆ ಹೆಚ್ಚುವರಿ ಯೂನಿಟ್‌ಗಳಿಗೂ, 200 ಯೂನಿಟ್ ಮೀರಿದರೆ ಪೂರ್ಣ ಬಿಲ್ಲಿಗೂ ಹಣ ಪಾವತಿಸಬೇಕು. 2024ರ ಜನವರಿಯಲ್ಲಿ, 48 ಯೂನಿಟ್‌ಗಿಂತ ಕಡಿಮೆ ಬಳಸುವ ಮನೆಗಳಿಗೆ ಶೇ 10ರ ಬದಲು 10 ಯೂನಿಟ್ ಹೆಚ್ಚುವರಿಯಾಗಿ ನೀಡಲು ಸಂಪುಟ ನಿರ್ಧರಿಸಿತು. ಬಾಡಿಗೆದಾರರೂ ಆಧಾರ್ ಸಂಖ್ಯೆಯನ್ನು ಮೀಟರಿನ ಆರ್‌ಆರ್ ಸಂಖ್ಯೆಗೆ ಜೋಡಿಸಿ ಸೌಲಭ್ಯ ಪಡೆಯಬಹುದು.

ಗೃಹಲಕ್ಷ್ಮಿ

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆಯಿತು. ಪಡಿತರ ಚೀಟಿಯಲ್ಲಿ ಕುಟುಂಬದ ಯಜಮಾನಿ ಎಂದು ನಮೂದಾದ ಮಹಿಳೆಯ ಖಾತೆಗೆ ತಿಂಗಳಿಗೆ 2,000 ರೂಪಾಯಿ, ಅಂದರೆ ವರ್ಷಕ್ಕೆ 24,000 ರೂಪಾಯಿ ಜಮೆಯಾಗುತ್ತದೆ. ಅಂತ್ಯೋದಯ, ಬಿಪಿಎಲ್ ಮತ್ತು ಎಪಿಎಲ್ ಚೀಟಿ ಹೊಂದಿರುವವರೆಲ್ಲರೂ ಅರ್ಹರು. ಆದರೆ ಯಜಮಾನಿ ಅಥವಾ ಆಕೆಯ ಪತಿ ಆದಾಯ ತೆರಿಗೆ ಇಲ್ಲವೇ ಜಿಎಸ್‌ಟಿ ಪಾವತಿದಾರರಾಗಿದ್ದರೆ ಸೌಲಭ್ಯವಿಲ್ಲ. ಒಂದು ಕೋಟಿಗೂ ಹೆಚ್ಚು ಮಹಿಳೆಯರನ್ನು ತಲುಪುವ ಈ ಯೋಜನೆ ಐದರಲ್ಲಿ ಅತ್ಯಂತ ವೆಚ್ಚದಾಯಕವಾದುದು. ಕಂತುಗಳು ತಡವಾಗಿ ಬರುತ್ತಿವೆ ಎಂಬ ದೂರು ಪದೇಪದೇ ಕೇಳಿಬಂದಿದೆ.

ಯುವನಿಧಿ

2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಆರಂಭವಾಯಿತು. 2022–23ರ ಸಾಲಿನಲ್ಲಿ ಪದವಿ ಅಥವಾ ಡಿಪ್ಲೊಮಾ ಮುಗಿಸಿ, 180 ದಿನಗಳವರೆಗೆ ಉದ್ಯೋಗ ಸಿಗದವರನ್ನು ಮೊದಲ ಹಂತದಲ್ಲಿ ಪರಿಗಣಿಸಲಾಯಿತು. ಅದಕ್ಕೂ ಹಿಂದೆ ಪದವಿ ಪಡೆದ ನಿರುದ್ಯೋಗಿಗಳನ್ನು ಹೊರಗಿಟ್ಟಿದ್ದು ಟೀಕೆಗೆ ಗುರಿಯಾಯಿತು. ಅರ್ಹ ಪದವೀಧರರೊಬ್ಬರು ಎರಡು ವರ್ಷಗಳಲ್ಲಿ ಗರಿಷ್ಠ 72,000 ರೂಪಾಯಿ ಪಡೆಯಬಹುದು.

ಬೆಂಗಳೂರಿನ ಹೊರವಲಯದಲ್ಲಿ

1970ರ ದಶಕದಲ್ಲಿ ಬೆಳೆಯತೊಡಗಿದ ಪೀಣ್ಯ ಕೈಗಾರಿಕಾ ಪ್ರದೇಶ, ಅದೇ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ರೂಪಿಸಿದ ಎಲೆಕ್ಟ್ರಾನಿಕ್ ಸಿಟಿ ಮತ್ತು 1990ರ ದಶಕದಲ್ಲಿ ಟೆಕ್ ಪಾರ್ಕ್‌ನಿಂದ ಬದಲಾದ ವೈಟ್‌ಫೀಲ್ಡ್, ಈ ಮೂರೂ ವಲಯಗಳಲ್ಲಿ ಹೆಚ್ಚು ಸಂಬಳದ ತಂತ್ರಜ್ಞರೂ ಕಡಿಮೆ ಕೂಲಿಯ ಕಾರ್ಮಿಕರೂ ಅಕ್ಕಪಕ್ಕದಲ್ಲೇ ದುಡಿಯುತ್ತಾರೆ. ಒಂದೇ ಯೋಜನೆ ಇಲ್ಲಿ ಒಂದೇ ಬೀದಿಯ ಜನರನ್ನು ಬೇರೆಬೇರೆ ರೀತಿಯಲ್ಲಿ ತಲುಪುತ್ತದೆ.

ಪೀಣ್ಯ, ಬೊಮ್ಮನಹಳ್ಳಿ ಮತ್ತು ಹೊಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಮಹಿಳೆಯರೇ ಹೆಚ್ಚು. ಮನೆಗೆಲಸ, ಕಚೇರಿಗಳ ಸ್ವಚ್ಛತಾ ಕೆಲಸಗಳಿಗೆ ಹೋಗುವ ಮಹಿಳೆಯರಂತೆ ಇವರಿಗೂ ಬಸ್ ಖರ್ಚು ದುಡಿಮೆಯ ದಿನವೂ ತಪ್ಪದ ಖರ್ಚು. ಬಿಎಂಟಿಸಿಯ ಸಾಮಾನ್ಯ ಬಸ್‌ಗಳಲ್ಲಿ ಆ ಖರ್ಚು ಉಳಿಯುತ್ತದೆ. ಹತ್ತಿರದ ಕಡಿಮೆ ಕೂಲಿಯ ಕೆಲಸವನ್ನು ಬಿಟ್ಟು ದೂರದ ಕೆಲಸವನ್ನು ಆರಿಸಿಕೊಳ್ಳಲು ಅವಕಾಶವಾಗುತ್ತದೆ ಎಂಬುದು ಯೋಜನೆಯ ಬೆಂಬಲಿಗರ ಮುಖ್ಯ ವಾದ. ತಂತ್ರಜ್ಞಾನ ವಲಯಗಳ ಉದ್ಯೋಗಿಗಳು ಬಳಸುವ ಹವಾನಿಯಂತ್ರಿತ ವಜ್ರ ಬಸ್‌ಗಳು ಮತ್ತು ನಮ್ಮ ಮೆಟ್ರೊ ಈ ಸೌಲಭ್ಯದ ಹೊರಗಿವೆ. 2023ರ ಅಕ್ಟೋಬರ್‌ನಲ್ಲಿ ವೈಟ್‌ಫೀಲ್ಡ್‌ಗೆ ನಗರ ಕೇಂದ್ರದಿಂದ ಅಡೆತಡೆಯಿಲ್ಲದ ಮೆಟ್ರೊ ಸಂಪರ್ಕ ಬಂದಿತು. ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಆರಂಭವಾಯಿತು. ಸಾಮಾನ್ಯ ಬಸ್‌ನಲ್ಲಿ ಹಣ ಕೊಡಬೇಕಿಲ್ಲದ ಮಹಿಳೆಯರು ಮೆಟ್ರೊ ಏರಿದರೆ ಪೂರ್ಣ ದರ ತೆರಬೇಕು. 2025ರ ಫೆಬ್ರವರಿಯ ಮೆಟ್ರೊ ದರ ಏರಿಕೆಯ ನಂತರ ಈ ಅಂತರ ಇನ್ನಷ್ಟು ಹೆಚ್ಚಿತು.

ಅರ್ಹತೆಯನ್ನು ದಾಖಲೆಗಳು ನಿರ್ಧರಿಸುವುದರಿಂದ ಬಡವರಲ್ಲೇ ಕೆಲವರು ಯೋಜನೆಗಳ ಹೊರಗುಳಿಯುತ್ತಾರೆ. ಒಡಿಶಾ, ಬಿಹಾರ, ಜಾರ್ಖಂಡ್, ಅಸ್ಸಾಂ ಮೊದಲಾದ ರಾಜ್ಯಗಳಿಂದ ಬಂದು ಕಾರ್ಖಾನೆಗಳಲ್ಲಿ, ಕಟ್ಟಡ ನಿರ್ಮಾಣದಲ್ಲಿ ದುಡಿಯುವವರ ಬಳಿ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಇಲ್ಲದಿದ್ದರೆ ಶಕ್ತಿಯ ಶೂನ್ಯ ಟಿಕೆಟ್ ಸಿಗದು. ರಾಜ್ಯದ ಪಡಿತರ ಚೀಟಿ ಇಲ್ಲದಿದ್ದರೆ ಗೃಹಲಕ್ಷ್ಮಿ ಮತ್ತು ಅನ್ನಭಾಗ್ಯಗಳೂ ಸಿಗವು. ಹಲವು ಕೋಣೆಗಳಿಗೆ ಒಂದೇ ಮೀಟರ್ ಇರುವ ವಠಾರಗಳಲ್ಲಿ ಗೃಹಜ್ಯೋತಿಯ ಲಾಭ ಬಾಡಿಗೆದಾರರಿಗೆ ಪೂರ್ಣವಾಗಿ ಸಿಗುವುದು ಕಷ್ಟ. ಇನ್ನೊಂದು ತುದಿಯಲ್ಲಿ, ಆದಾಯ ತೆರಿಗೆ ಪಾವತಿಸುವ ತಂತ್ರಜ್ಞರ ಮನೆಗಳು ಗೃಹಲಕ್ಷ್ಮಿಯಿಂದ ಹೊರಗಿದ್ದರೂ 200 ಯೂನಿಟ್ ಮಿತಿಯೊಳಗಿದ್ದರೆ ಗೃಹಜ್ಯೋತಿಗೆ ಅರ್ಹ. ಆ ಯೋಜನೆಗೆ ಆದಾಯದ ಷರತ್ತಿಲ್ಲ.

ಈ ವಲಯಗಳ ನಿವಾಸಿಗಳ ಬಹುಕಾಲದ ಬೇಡಿಕೆಗಳು ರಸ್ತೆ, ರಾಜಕಾಲುವೆ ಮತ್ತು ಕುಡಿಯುವ ನೀರು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳ ಹೆಚ್ಚಿನ ಭಾಗ ಕೊಳವೆಬಾವಿ ಮತ್ತು ಟ್ಯಾಂಕರ್‌ಗಳನ್ನೇ ಅವಲಂಬಿಸಿತ್ತು. 2024ರ ಬೇಸಿಗೆಯಲ್ಲಿ ವೈಟ್‌ಫೀಲ್ಡ್ ಸುತ್ತಮುತ್ತ ತೀವ್ರ ನೀರಿನ ಅಭಾವ ಉಂಟಾದಾಗ, ಗ್ಯಾರಂಟಿಗಳಿಗೆ ಹಣ ಹರಿಯುತ್ತಿರುವಾಗ ಮೂಲಸೌಕರ್ಯ ಹಿಂದುಳಿದಿದೆ ಎಂಬ ಟೀಕೆ ಬಲವಾಯಿತು. ಈ ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ನೀರು ಪೂರೈಸಲು ರೂಪಿಸಿದ್ದ ಕಾವೇರಿ ಐದನೇ ಹಂತದ ಯೋಜನೆ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು. ಹೀಗಾಗಿ ಸ್ಥಳೀಯ ಸೌಕರ್ಯಗಳ ಬೇಡಿಕೆಯೂ ನೇರವಾಗಿ ರಾಜ್ಯ ಸರ್ಕಾರವನ್ನೇ ತಲುಪಬೇಕಾಯಿತು.

ಹಣಕಾಸು

2023ರ ಜುಲೈ 7ರಂದು ಮಂಡಿಸಿದ 3.27 ಲಕ್ಷ ಕೋಟಿ ರೂಪಾಯಿಯ ಬಜೆಟ್‌ನಲ್ಲಿ ಸಿದ್ದರಾಮಯ್ಯ, ಐದು ಯೋಜನೆಗಳಿಗೆ ವರ್ಷಕ್ಕೆ ಸುಮಾರು 52 ಸಾವಿರ ಕೋಟಿ ರೂಪಾಯಿ ಬೇಕಾಗುತ್ತದೆ ಎಂದು ಅಂದಾಜಿಸಿದರು. 2025–26ರ 4.09 ಲಕ್ಷ ಕೋಟಿ ರೂಪಾಯಿಯ ಬಜೆಟ್‌ನಲ್ಲಿ ಇವಕ್ಕೆ 51,034 ಕೋಟಿ ರೂಪಾಯಿ ಮೀಸಲಿಡಲಾಯಿತು. ಇದು ಒಟ್ಟು ಗಾತ್ರದ ಸುಮಾರು ಎಂಟನೇ ಒಂದು ಭಾಗ.

ಸಂಪನ್ಮೂಲ ಸಂಗ್ರಹಕ್ಕಾಗಿ 2023ರಲ್ಲಿ ಮದ್ಯದ ಮೇಲಿನ ಹೆಚ್ಚುವರಿ ಅಬಕಾರಿ ಸುಂಕವನ್ನು, 2024ರ ಜೂನ್‌ನಲ್ಲಿ ಪೆಟ್ರೋಲ್ ಮತ್ತು ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಏರಿಸಲಾಯಿತು. 2025ರ ಜನವರಿಯಲ್ಲಿ ಬಸ್ ಪ್ರಯಾಣ ದರ ಶೇ 15ರಷ್ಟು ಹೆಚ್ಚಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳಲಾಗುತ್ತಿದೆ ಎಂದು ವಿರೋಧ ಪಕ್ಷಗಳು ಟೀಕಿಸಿದವು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಉಪಯೋಜನೆಗಳ ಹಣದಿಂದ 2023–24ರಲ್ಲಿ 11 ಸಾವಿರ ಕೋಟಿ ರೂಪಾಯಿಗೂ ಹೆಚ್ಚನ್ನು ಗ್ಯಾರಂಟಿಗಳಿಗೆ ಹಂಚಿದ್ದು ದಲಿತ ಸಂಘಟನೆಗಳ ಆಕ್ಷೇಪಕ್ಕೆ ಕಾರಣವಾಯಿತು. ಆ ಹಣ ಅದೇ ಸಮುದಾಯಗಳ ಫಲಾನುಭವಿಗಳಿಗೆ ಸಲ್ಲುತ್ತದೆ ಎಂದು ಸರ್ಕಾರ ಸಮರ್ಥಿಸಿಕೊಂಡಿತು.

2025ರ ಆಗಸ್ಟ್‌ನಲ್ಲಿ ವಿಧಾನಮಂಡಲದಲ್ಲಿ ಮಂಡನೆಯಾದ ಮಹಾಲೇಖಪಾಲರ ವರದಿಯ ಪ್ರಕಾರ, 2023–24ರಲ್ಲಿ ರಾಜ್ಯದ ರಾಜಸ್ವ ವೆಚ್ಚದ ಸುಮಾರು ಶೇ 15ರಷ್ಟು ಗ್ಯಾರಂಟಿಗಳಿಗೆ ಹೋಗಿದ್ದು, ಆ ವರ್ಷ ರಾಜ್ಯವು ರಾಜಸ್ವ ಕೊರತೆಯನ್ನು ಎದುರಿಸಿತು. ಸಾಲ ಹೆಚ್ಚಿರುವುದನ್ನೂ ಮೂಲಸೌಕರ್ಯದ ಮೇಲಿನ ಬಂಡವಾಳ ವೆಚ್ಚ ತಗ್ಗಿರುವುದನ್ನೂ ವರದಿ ಗುರುತಿಸಿತು.

ಟೀಕೆ ಮತ್ತು ಸಮರ್ಥನೆ

ಪ್ರಧಾನಿ ನರೇಂದ್ರ ಮೋದಿ 2022ರ ಜುಲೈನಲ್ಲಿಯೇ ಉಚಿತ ಕೊಡುಗೆಗಳ ರಾಜಕಾರಣವನ್ನು ‘ರೇವಡಿ’ ಹಂಚಿಕೆಗೆ ಹೋಲಿಸಿ ಟೀಕಿಸಿದ್ದರು. ಕರ್ನಾಟಕದ ಬಿಜೆಪಿ ಮತ್ತು ಜೆಡಿಎಸ್ ನಾಯಕರು, ಯೋಜನೆಗಳು ಅಭಿವೃದ್ಧಿ ಕಾಮಗಾರಿಗಳ ಹಣವನ್ನು ನುಂಗುತ್ತಿವೆ ಎಂದು ಆರೋಪಿಸಿದರು. ಗ್ಯಾರಂಟಿಗಳಿಗೆ ಹಣ ಹೊಂದಿಸಬೇಕಾಗಿರುವುದರಿಂದ ಮೊದಲ ವರ್ಷ ಕ್ಷೇತ್ರಗಳಿಗೆ ಹೆಚ್ಚಿನ ಅನುದಾನ ಸಾಧ್ಯವಿಲ್ಲವೆಂದು ಶಿವಕುಮಾರ್ 2023ರ ಜುಲೈನಲ್ಲಿ ತಮ್ಮ ಪಕ್ಷದ ಶಾಸಕರಿಗೇ ತಿಳಿಸಿದ್ದರು. ಶಕ್ತಿ ಯೋಜನೆಯಿಂದ ಆದಾಯ ಕುಸಿದಿದೆ ಎಂದು ಖಾಸಗಿ ಬಸ್, ಆಟೊ ಮತ್ತು ಟ್ಯಾಕ್ಸಿ ಸಂಘಟನೆಗಳ ಒಕ್ಕೂಟ 2023ರ ಸೆಪ್ಟೆಂಬರ್ 11ರಂದು ಬೆಂಗಳೂರಿನಲ್ಲಿ ಮುಷ್ಕರ ನಡೆಸಿತು.

ಬೆಲೆಯೇರಿಕೆಯಿಂದ ಬಳಲಿದ ಕುಟುಂಬಗಳ ಕೈಗೆ ಹಣ ಸೇರಿದರೆ ಅದು ಸ್ಥಳೀಯ ಮಾರುಕಟ್ಟೆಯಲ್ಲೇ ಖರ್ಚಾಗಿ ಆರ್ಥಿಕ ಚಟುವಟಿಕೆಗೆ ಚಾಲನೆ ನೀಡುತ್ತದೆ ಎಂಬುದು ಸರ್ಕಾರದ ಸಮರ್ಥನೆ. ಹಣವನ್ನು ಮಹಿಳೆಯ ಹೆಸರಿಗೇ ನೀಡುವುದರಿಂದ ಮನೆಯೊಳಗಿನ ನಿರ್ಧಾರಗಳಲ್ಲಿ ಆಕೆಯ ಮಾತಿಗೆ ತೂಕ ಬರುತ್ತದೆ ಎಂದೂ ವಾದಿಸಲಾಗಿದೆ. ಯೋಜನೆಗಳ ಮೇಲ್ವಿಚಾರಣೆಗಾಗಿ ಎಚ್. ಎಂ. ರೇವಣ್ಣ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಮಟ್ಟದ ಗ್ಯಾರಂಟಿ ಯೋಜನೆಗಳ ಅನುಷ್ಠಾನ ಪ್ರಾಧಿಕಾರವನ್ನು ರಚಿಸಲಾಯಿತು.

ಕಾನೂನಿನ ನೆಲೆ

ಪ್ರಣಾಳಿಕೆಯ ಭರವಸೆಗಳನ್ನು ಚುನಾವಣಾ ಭ್ರಷ್ಟಾಚಾರವೆಂದು ಪರಿಗಣಿಸಲಾಗದು ಎಂದು ಸುಪ್ರೀಂ ಕೋರ್ಟ್ 2013ರ ಜುಲೈ 5ರಂದು ತಮಿಳುನಾಡಿಗೆ ಸಂಬಂಧಿಸಿದ ಸುಬ್ರಮಣಿಯಂ ಬಾಲಾಜಿ ಪ್ರಕರಣದಲ್ಲಿ ತೀರ್ಪು ನೀಡಿತ್ತು. ಪ್ರಣಾಳಿಕೆಗಳ ಬಗ್ಗೆ ಮಾರ್ಗಸೂಚಿ ರೂಪಿಸುವಂತೆ ಚುನಾವಣಾ ಆಯೋಗಕ್ಕೆ ಸೂಚಿಸಿತ್ತು. ಆ ತೀರ್ಪಿನ ಮರುಪರಿಶೀಲನೆಯ ಪ್ರಶ್ನೆಯನ್ನು 2022ರ ಆಗಸ್ಟ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲಾಯಿತು. ಕರ್ನಾಟಕದ ಗ್ಯಾರಂಟಿಗಳ ಆಧಾರದ ಮೇಲೆ ಚಾಮರಾಜಪೇಟೆ ಕ್ಷೇತ್ರದ ಆಯ್ಕೆಯನ್ನು ಪ್ರಶ್ನಿಸಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲಿ ವಜಾಗೊಳಿಸಿತು. ಪಕ್ಷವು ಪ್ರಣಾಳಿಕೆಯಲ್ಲಿ ನೀಡಿದ ಭರವಸೆ ಅಭ್ಯರ್ಥಿಯ ಭ್ರಷ್ಟ ನಡೆಯಾಗುತ್ತದೆ ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ.

ನಂತರದ ಪ್ರಭಾವ

ಕರ್ನಾಟಕದ ಫಲಿತಾಂಶದ ನಂತರ ಕಾಂಗ್ರೆಸ್ ಇದೇ ಮಾದರಿಯನ್ನು ತೆಲಂಗಾಣದಲ್ಲಿ ‘ಆರು ಗ್ಯಾರಂಟಿ’ಗಳಾಗಿ ಮುಂದಿಟ್ಟು 2023ರ ಡಿಸೆಂಬರ್‌ನಲ್ಲಿ ಅಧಿಕಾರಕ್ಕೆ ಬಂದಿತು. ಬಿಜೆಪಿ ಕೂಡ 2024ರ ಲೋಕಸಭಾ ಚುನಾವಣೆಯಲ್ಲಿ ‘ಮೋದಿ ಗ್ಯಾರಂಟಿ’ ಎಂಬ ಘೋಷಣೆಯನ್ನು ಬಳಸಿತು. ಮಹಿಳೆಯರಿಗೆ ಮಾಸಿಕ ಹಣ ನೀಡುವ ಯೋಜನೆಗಳು ಮಧ್ಯಪ್ರದೇಶ ಮತ್ತು ಮಹಾರಾಷ್ಟ್ರಗಳಲ್ಲಿ ಬಿಜೆಪಿ ನೇತೃತ್ವದ ಅಥವಾ ಬೆಂಬಲಿತ ಸರ್ಕಾರಗಳಿಂದಲೂ ಜಾರಿಯಾದವು.

ಆದರೆ ಯೋಜನೆಗಳ ವ್ಯಾಪ್ತಿ ಮತವಾಗಿ ಪರಿವರ್ತನೆಯಾಗುವುದು ಖಚಿತವಲ್ಲ ಎಂಬುದನ್ನು 2024ರ ಲೋಕಸಭಾ ಚುನಾವಣೆ ತೋರಿಸಿತು. ರಾಜ್ಯದ 28 ಕ್ಷೇತ್ರಗಳಲ್ಲಿ ಕಾಂಗ್ರೆಸ್ 9, ಬಿಜೆಪಿ 17, ಜೆಡಿಎಸ್ 2 ಸ್ಥಾನಗಳನ್ನು ಪಡೆದವು. ವೈಟ್‌ಫೀಲ್ಡ್, ಪೀಣ್ಯ ಮತ್ತು ಎಲೆಕ್ಟ್ರಾನಿಕ್ ಸಿಟಿ ಪ್ರದೇಶಗಳು ಸೇರಿದ ಬೆಂಗಳೂರು ಕೇಂದ್ರ, ಬೆಂಗಳೂರು ಉತ್ತರ ಮತ್ತು ಬೆಂಗಳೂರು ಗ್ರಾಮಾಂತರ ಕ್ಷೇತ್ರಗಳಲ್ಲಿ ಬಿಜೆಪಿ ಜಯಗಳಿಸಿತು.

ಇವನ್ನೂ ನೋಡಿ

• 2023ರ ಕರ್ನಾಟಕ ವಿಧಾನಸಭಾ ಚುನಾವಣೆ
• ಅನ್ನಭಾಗ್ಯ ಯೋಜನೆ
• ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ
• ನಮ್ಮ ಮೆಟ್ರೊ
• ಪೀಣ್ಯ ಕೈಗಾರಿಕಾ ಪ್ರದೇಶ